ಹಳೆಯ ಕಂಪ್ಯೂಟರ್, ಕೈಕೊಡುವ ಬ್ರೌಸರ್
(ವಿದ್ಯಾರ್ಥಿಗಳ ಕಂಪ್ಯೂಟರ್ ಶಿಬಿರದಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿ ವೇತನದ ಅರ್ಜಿಗೆ ಇಂದು ಕೊನೆಯ ದಿನ ಎಂದಿಟ್ಟುಕೊಳ್ಳಿ. ಆದಾಯ ಪ್ರಮಾಣಪತ್ರದ ನಂಬರು, ಬ್ಯಾಂಕ್ ಖಾತೆ, ಅಂಕಗಳು ಎಲ್ಲವನ್ನೂ ತುಂಬಿ ಇನ್ನೇನು ಸಲ್ಲಿಸಬೇಕು ಎನ್ನುವಷ್ಟರಲ್ಲಿ ಬ್ರೌಸರ್ ತಾನಾಗಿಯೇ ಮುಚ್ಚಿಹೋಗುತ್ತದೆ. ಮತ್ತೆ ತೆರೆದರೆ ಅರ್ಜಿ ಖಾಲಿ. ಅಣ್ಣನಿಂದ ತಮ್ಮನಿಗೆ ಇಳಿದುಬಂದ, ಯಾರೋ ದಾನವಾಗಿ ಕೊಟ್ಟ ಕಂಪ್ಯೂಟರಿನಲ್ಲೇ ಓದುವ ಮಕ್ಕಳಿಗೆ ಇದು ಸಣ್ಣ ತೊಂದರೆಯಲ್ಲ. ರಿಪೇರಿಗೆ ಒಯ್ದರೆ "ವೈರಸ್ ಇದೆ, ಫಾರ್ಮ್ಯಾಟ್ ಮಾಡಬೇಕು" ಎಂಬ ಸಿದ್ಧ ಉತ್ತರ ಸಿಗುವುದುಂಟು. ಅದಕ್ಕೆ ಮುಂಚೆ ನಾವೇ ನೋಡಬಹುದಾದದ್ದು ಬಹಳಷ್ಟಿದೆ.

ಮೊದಲು ಗಮನಿಸಬೇಕಾದದ್ದು, ಬೀಳುತ್ತಿರುವುದು ಯಾವುದು ಎಂಬುದನ್ನು. ಒಂದು ಪುಟವೋ, ಇಡೀ ಬ್ರೌಸರೋ, ಕಂಪ್ಯೂಟರೇ ಆರಿಹೋಗುತ್ತಿದೆಯೋ? 2008ರಲ್ಲಿ ಕ್ರೋಮ್ ಬಂದಾಗ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸುವ ವ್ಯವಸ್ಥೆ ತಂದಿತು. ಒಂದು ಪುಟ ಸತ್ತರೂ ಉಳಿದವು ಬದುಕಲಿ ಎಂಬುದು ಅದರ ಉದ್ದೇಶ. ಹಾಗಾಗಿ ಒಂದೇ ಪುಟ ಬಿದ್ದರೆ ಆ ಪುಟದ ಮೇಲೆ ಅಥವಾ ರ್‍ಯಾಮ್‌ನ ಮೇಲೆ ಅನುಮಾನ. ಇಡೀ ಬ್ರೌಸರ್ ಬಿದ್ದರೆ ಎಕ್ಸ್‌ಟೆನ್ಷನ್, ಗ್ರಾಫಿಕ್ಸ್ ಡ್ರೈವರ್, ಕೆಟ್ಟ ಪ್ರೊಫೈಲ್, ಇವನ್ನೂ ನೋಡಬೇಕು. ಕಂಪ್ಯೂಟರೇ ಆರಿಹೋಗುತ್ತಿದ್ದರೆ ಫ್ಯಾನಿನಲ್ಲಿ ಕಟ್ಟಿದ ಧೂಳು, ಪವರ್ ಸಪ್ಲೈ, ರ್‍ಯಾಮ್ ನೋಡಿ. ಆಗ ಬ್ರೌಸರನ್ನು ಹತ್ತು ಸಲ ಮರುಸ್ಥಾಪಿಸಿದರೂ ವ್ಯರ್ಥ ಶ್ರಮ.

ನನ್ನ ಅಭಿಪ್ರಾಯದಲ್ಲಿ ಹಳೆಯ ಯಂತ್ರಗಳ ಮುಖ್ಯ ರೋಗ ಜಾಗದ ಕೊರತೆ. 2 ಜಿಬಿ ರ್‍ಯಾಮ್‌ನಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಬ್ರೌಸರಿಗೆ ಉಳಿಯುವುದು ಅಲ್ಪ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಲೆಕ್ಕ ತೋರಿಸುತ್ತದೆ. ಕ್ರೋಮ್‌ನೊಳಗೆ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂದೂ ತಿಳಿಯುತ್ತದೆ. ರ್‍ಯಾಮ್ ತುಂಬಿದಾಗ ವಿಂಡೋಸ್ ಹಾರ್ಡ್ ಡಿಸ್ಕಿನ ಪೇಜ್ ಫೈಲನ್ನು ಆಸರೆಯಾಗಿ ಬಳಸುತ್ತದೆ. ಇದು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುತ್ತದೆ. ಆ ಡ್ರೈವ್ ಭರ್ತಿಯಾಗಿದ್ದರೆ ಪೇಜ್ ಫೈಲ್ ಬೆಳೆಯಲಾರದು, ಬ್ರೌಸರ್ ಬೀಳುತ್ತದೆ. ನಾವೋ ಮದುವೆಯ ವಿಡಿಯೋಗಳನ್ನೆಲ್ಲ ಡೆಸ್ಕ್‌ಟಾಪಿನ ಮೇಲೇ ಇಟ್ಟಿರುತ್ತೇವೆ! ಡೆಸ್ಕ್‌ಟಾಪ್ ಇರುವುದೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ. ಅವನ್ನು ಬೇರೆಡೆಗೆ ಸಾಗಿಸಿ ಕೆಲವು ಜಿಬಿ ಖಾಲಿ ಮಾಡುವುದು ಖರ್ಚಿಲ್ಲದ ಚಿಕಿತ್ಸೆ.

ಮುಂದೆ ಇನ್‌ಕಾಗ್ನಿಟೊ ಕಿಟಕಿ ತೆರೆದು ನೋಡಿ. ಅಲ್ಲಿ ನಾವಾಗಿ ಅನುಮತಿ ಕೊಡದ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ. ಅಲ್ಲಿ ಬ್ರೌಸರ್ ಸರಿಯಿದ್ದರೆ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿ. ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಕೀಲಿ ಒತ್ತಿಹಿಡಿದು ತೆರೆದರೆ ಟ್ರಬಲ್‌ಶೂಟ್ ಮೋಡ್ ಸಿಗುತ್ತದೆ. ವಿಡಿಯೋ ನೋಡುವಾಗಲೇ ಬೀಳುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ನಿಲ್ಲಿಸಿ, ಬ್ರೌಸರನ್ನು ಮತ್ತೆ ತೆರೆಯಿರಿ. ವಿಡಿಯೋ ಸ್ವಲ್ಪ ನಿಧಾನವಾದೀತು, ಅಷ್ಟೇ. ರ್‍ಯಾಮ್ ಕೆಟ್ಟಿದೆಯೆಂಬ ಅನುಮಾನವಿದ್ದರೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ನಡೆಸಿ.

ಇನ್ನು ವಿಂಡೋಸ್ 7 ಇರುವವರಿಗೆ ಒಂದು ಮಾತು. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಅದರಲ್ಲಿ ನಡೆಯುವ ಕ್ರೋಮ್‌ನ ಕೊನೆಯ ಆವೃತ್ತಿ 2023ರ ಜನವರಿಯಲ್ಲಿ ಬಂದ 109. ಹೊಸ ಜಾಲತಾಣಗಳು ಅದರಲ್ಲಿ ಅರೆಬರೆ ತೆರೆದುಕೊಂಡರೆ ಆಶ್ಚರ್ಯವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಇಂಥ ಯಂತ್ರಗಳಿಗೆ ಉಚಿತವಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೆಯ ದಾರಿ. 64 ಬಿಟ್ ಪ್ರೊಸೆಸರ್ ಬೇಕು; ರ್‍ಯಾಮ್ ಕನಿಷ್ಠ 2 ಜಿಬಿ, 4 ಜಿಬಿ ಇದ್ದರೆ ವಾಸಿ. ಡಿಸ್ಕಿನಲ್ಲಿ ಸ್ಥಾಪಿಸುವ ಮೊದಲು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು. ಸ್ಥಾಪಿಸುವುದಾದರೆ ಮೊದಲು ಫೋಟೋ, ದಾಖಲೆಗಳ ಪ್ರತಿ ತೆಗೆದಿಡಿ.

ಇಷ್ಟೆಲ್ಲ ಮಾಡಲು ಸಮಯವಿಲ್ಲ, ಅರ್ಜಿ ಇವತ್ತೇ ಹೋಗಬೇಕು ಎನ್ನುವವರು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಒಂದೇ ಟ್ಯಾಬ್ ತೆರೆಯಿರಿ. ವಿವರಗಳನ್ನು ಮೊದಲೇ ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿಕೊಳ್ಳಿ, ಪ್ರಮಾಣಪತ್ರಗಳ ಪ್ರತಿಗಳನ್ನು ಒಂದು ಫೋಲ್ಡರಿನಲ್ಲಿಡಿ. ಬ್ರೌಸರ್ ಬಿದ್ದರೂ ಹತ್ತು ನಿಮಿಷದಲ್ಲಿ ಮತ್ತೆ ತುಂಬಬಹುದು.