ಲಾಲ್‌ಬಾಗಿನ ಹಿರಿಯಜ್ಜ



ಬೆಂಗಳೂರಿನ ಲಾಲ್‌ಬಾಗಿಗೆ ನೀವು ಮನೆಮಂದಿಯೊಡನೆ ಹೋಗಿರಬಹುದು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ, 1889ರ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಎಲ್ಲವನ್ನೂ ನೋಡಿರುತ್ತೀರಿ. ಆದರೆ ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆಯನ್ನು ಗಮನಿಸಿದ್ದೀರಾ?

ನಾನೂ ಗಮನಿಸಿರಲಿಲ್ಲ. ವಿಜ್ಞಾನ ಓದಿದವನಾದರೂ ಹಲವು ವರ್ಷ ಕ್ಯಾಮೆರಾವನ್ನು ಹೂಗಳ ಕಡೆಗೇ ತಿರುಗಿಸಿದೆ. ಒಂದು ಭಾನುವಾರ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದಾಗ ಮಗಳು, "ಅಪ್ಪಾ, ಈ ಕಲ್ಲಿಗೆ ಎಷ್ಟು ವಯಸ್ಸು?" ಎಂದಳು. ನನಗೆ ನಾಚಿಕೆಯಾಯಿತು.

ಈ ಶಿಲೆಯ ಹೆಸರು ಪೆನಿನ್ಸುಲರ್ ನೈಸ್. ವಯಸ್ಸು ಸುಮಾರು 300 ಕೋಟಿ ವರ್ಷ! ನೆಲದಾಳದ ಶಾಖ, ಒತ್ತಡಗಳಿಗೆ ಸಿಕ್ಕಿ ಇದರ ಖನಿಜಗಳು ಪಟ್ಟೆಗಳಾದವು. ಬಿಳಿ ಪಟ್ಟೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಯಲ್ಲಿ ಅಭ್ರಕ, ಅಂದರೆ ಕಾಗೆಬಂಗಾರ.

ವರ್ಷಕ್ಕೊಂದು ಮಿಲಿಮೀಟರ್‌ನಂತೆ ದಾರ ಅಳೆಯಿರಿ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿಗೆ ಒಂದು ಮೊಳದ ಮೇಲೆ ತುಸು ಸಾಕು. ಬಂಡೆಗೆ ಬೇಕಾದದ್ದು 3,000 ಕಿಲೋಮೀಟರ್, ಹೆಚ್ಚುಕಡಿಮೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ!

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಆದರೂ ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಮರದ ಗಾಯವಾದರೂ ಮಾಯ್ದೀತು, ಕಲ್ಲಿನದು ಮಾಯದು.

ದಕ್ಷಿಣ ಕರ್ನಾಟಕದ ಬಹಳಷ್ಟು ಕಡೆ ನೆಲದಡಿ ಇದೇ ಜಾತಿಯ ಶಿಲೆಯಿದೆ. ಮುಂದಿನ ರಜೆಯಲ್ಲಿ ಬುತ್ತಿ ಕಟ್ಟಿಕೊಂಡು, ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ನಿಮ್ಮೂರಿನ ಗುಡ್ಡಕ್ಕೆ ಹೋಗಿ. ಬಂಡೆಯ ಪಟ್ಟೆಗಳನ್ನು ಹುಡುಕಿ, ನೋಟ್‌ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಿ. ಚರಿತ್ರೆಯ ಮೊದಲ ಪುಟ ಅಲ್ಲೇ ಇದೆ.