ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು



ವೀರಗಲ್ಲನ್ನು ಓದಬೇಕಾದ್ದು ಬುಡದಿಂದ. ಹೆಮ್ಮಾಡಿಯ ಹತ್ತಿರದಲ್ಲೇ ನೋಡಬೇಕೆಂದರೆ ಬಾರ್ಕೂರಿನ ಕತ್ತಲೆ ಬಸದಿಗೆ ಹೋಗಿ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಕುದುರೆ. ದನಗಳ ಸಾಲಿದ್ದರೆ ಅದು ತುರುಗಾಳಗ. ಊರ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಮಡಿದವನ ಕಲ್ಲು. ಕಡಲಕಾಳಗವಾದರೆ ಹಡಗು ಬರುತ್ತದೆ. ಮುಂಬೈ ಬೊರಿವಲಿಯ ಏಕ್ಸರ್ ಕಲ್ಲುಗಳಲ್ಲಿ ಹುಟ್ಟು ಹಾಕುವವರ ಸಾಲೇ ಇದೆ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಅವನೇ ಕೈಮುಗಿದು ಕೂತಿದ್ದಾನೆ. ಜೈನನಾದರೆ ಲಿಂಗದ ಜಾಗದಲ್ಲಿ ಜಿನ. ತುದಿಯಲ್ಲಿ ಸೂರ್ಯ ಚಂದ್ರರು, ಅವರಿರುವ ತನಕ ಇವನ ಹೆಸರೂ ಇರಲಿ ಎಂದು.

17, 18ನೆಯ ಶತಮಾನದ ಸ್ಕಾಟ್ಲೆಂಡಿನ ಸಮಾಧಿಕಲ್ಲುಗಳ ದಾರಿ ಬೇರೆ. ಅಲ್ಲಿ ತಲೆಬುರುಡೆ, ಅಡ್ಡಲಾಗಿಟ್ಟ ಮೂಳೆ, ಮರಳು ಗಡಿಯಾರ. ನೋಡಿದವನಿಗೆ ತನ್ನ ಸಾವೂ ನೆನಪಾಗಬೇಕು. ಜೊತೆಗೆ ದರ್ಜಿಯ ಕತ್ತರಿ, ಕಮ್ಮಾರನ ಸುತ್ತಿಗೆ ಇರುತ್ತವೆ, ಬದುಕಿದ್ದಾಗ ಏನು ಮಾಡಿಕೊಂಡಿದ್ದ ಎಂದು ತಿಳಿಯುತ್ತದೆ. ನಮ್ಮ ವೀರ ಗದ್ದೆ ಉಳುತ್ತಿದ್ದನೋ ದೋಣಿ ನಡೆಸುತ್ತಿದ್ದನೋ, ಕಲ್ಲು ಹೇಳುವುದು ಕಡಿಮೆ. ಅದಕ್ಕೆ ಬೇಕಾದ್ದು ಅವನು ಮಡಿದ ಗಳಿಗೆ, ಆಮೇಲೆ ಸೇರಿದ ಲೋಕ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕ್ರಿ.ಶ. 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗನ ಕಡೆಯ ವೀರ ಮಣಲೇರ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಸೆಣಸುತ್ತಲೇ ಇವೆ. ಪೂಜೆಗೆ ಭೂಮಿ ಬಿಟ್ಟಿದ್ದಾರೆ. ಪೂಜಿಸದೆ ಉಂಡರೆ ಪಾಪವೆಂದು ಬರೆಸಿದ್ದಾರೆ. ನಾಯಿಗೆ ಸಂದ ಆ ಮರ್ಯಾದೆಗೆ ನನ್ನ ತಲೆ ಬಾಗುತ್ತದೆ.

ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನ ಮುಂದೆ ಹಾಗಾಗುವುದಿಲ್ಲ. ಸಿದ್ದಾಪುರದಿಂದ ಘಾಟಿ ಹತ್ತಿದರೆ ಸಿಗುವ ಮಾಸ್ತಿಕಟ್ಟೆಯ ಹೆಸರು ನಿಮಗೆಲ್ಲ ಗೊತ್ತು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಒಂದು ಕೈ ಹೊರಟು ಮೊಣಕೈಯಲ್ಲಿ ಮಡಚಿ ಮೇಲೆದ್ದಿರುತ್ತದೆ. ಮುಂಗೈ ತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಒಡೆಯದ ಬಳೆಯೆಂದರೆ ಅವಳು ಮುತ್ತೈದೆಯಾಗಿಯೇ ಹೋದಳು ಎಂದರ್ಥ. ಎಷ್ಟೋ ಕಲ್ಲುಗಳಲ್ಲಿ ಉರಿಯಿಲ್ಲ, ಹೆದರಿದ ಮುಖವಿಲ್ಲ. ಅವಳನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂಬುದಂತೂ ಇಲ್ಲವೇ ಇಲ್ಲ. ಆ ಕೈ ಆಶೀರ್ವದಿಸುತ್ತದೆ ಎಂದು ಜನ ಹಣ್ಣುಕಾಯಿ ಇಡುತ್ತಾರೆ. ಇಡಲಿ. ನನಗೆ ಆ ಬಳೆಗಳನ್ನು ನೋಡಿದಾಗ ಸಂಕಟವೇ ಹೆಚ್ಚು. ಕೆತ್ತಿದವನ ಕೈಚಳಕ ದೊಡ್ಡದು, ಅವನು ಬಿಟ್ಟದ್ದು ಅದಕ್ಕಿಂತ ದೊಡ್ಡದು.

ನಿಮ್ಮ ಬನದಲ್ಲೋ ಗದ್ದೆಯಂಚಿನಲ್ಲೋ ಇಂಥ ಕಲ್ಲಿದ್ದರೆ ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ, ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿರಬಹುದು. ಕಟ್ಟೆ ಕಟ್ಟುವಾಗ ಕೆತ್ತನೆಯ ಮುಖ ಗೋಡೆಗೆ ಸೇರದಿರಲಿ. ಎಣ್ಣೆ ಕುಂಕುಮ ಹಚ್ಚುವವರು ಆ ಪಟ್ಟಿಯಷ್ಟನ್ನು ಬಿಟ್ಟು ಹಚ್ಚಿ.