ಕಣ್ಣು ತೆರೆದಿದ್ದರೂ ಮೆದುಳು ಮಲಗುತ್ತದೆ

(ಅನಿವಾಸಿ ಕಾರ್ಮಿಕರ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನಮಗೆ ಕೊಟ್ಟ ವಿಷಯ ಮೆದುಳಿನ ವಿದ್ಯುತ್ತು. ಡಾಕ್ಟರರು ಮಾತಾಡಬೇಕಾದ ವಿಷಯ ಇದು, ನಿಜ. ಆದರೆ ಸ್ಟೇರಿಂಗ್ ಹಿಡಿದು ಸಂಸಾರ ಸಾಕುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಅವರಿಗಾಗಿ ಮಾತಾಡುತ್ತೇವೆ.

ನಾವಿರುವ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ಹೊಳೆಯ ಆಚೆ ದಡದಲ್ಲಿ ಲಿಂಡ್‌ಹೋಲ್ಮೆನ್ ಅಂತ ಒಂದು ಜಾಗ. ಹಿಂದೆ ಅಲ್ಲಿ ಹಡಗು ಕಟ್ಟುತ್ತಿದ್ದರು. 1970ರ ದಶಕದಲ್ಲಿ ಆ ಕೆಲಸ ನೆಲಕಚ್ಚಿತು. ಈಗ ಕಾಲೇಜು, ವಾಹನ ಸಂಶೋಧನೆಯ ಕಚೇರಿಗಳಿವೆ. ಪೇಟೆಯಿಂದ ದೋಣಿಯಲ್ಲಿ ದಾಟಬಹುದು, ಟಿಕೆಟ್ ಇಲ್ಲ. (ಉಳ್ಳಾಲದವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.)

ಅಲ್ಲಿ ಸರಕಾರದ ರಸ್ತೆ ಸಂಶೋಧನಾ ಸಂಸ್ಥೆ ವಿ.ಟಿ.ಐ.ಯ ಒಂದು ಡ್ರೈವಿಂಗ್ ಸಿಮ್ಯುಲೇಟರ್ 2011ರಿಂದ ಇದೆ. ಕಾರಿನದ್ದೋ ಲಾರಿಯದ್ದೋ ಕ್ಯಾಬಿನ್. ಎದುರು ಪರದೆಯ ಮೇಲೆ ರಸ್ತೆ ಓಡುತ್ತದೆ, ಅಡಿಯ ಯಂತ್ರ ಕ್ಯಾಬಿನನ್ನು ಅಲುಗಾಡಿಸುತ್ತದೆ. ನಿದ್ದೆಗೆಟ್ಟ ಚಾಲಕನಿಗೆ ಏನಾಗುತ್ತದೆ ಎಂಬುದನ್ನು ಈ ಸಂಸ್ಥೆಯವರು ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ. ನೋಡುವ ಒಂದು ದಾರಿ ಇ.ಇ.ಜಿ.

ಮೆದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವಾಗ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಲಕ್ಷಗಟ್ಟಲೆ ಕೋಶಗಳು ಒಟ್ಟಿಗೆ ಮಿಡಿದರೆ ಮಾತ್ರ ಅದು ತಲೆಬುರುಡೆ ದಾಟಿ ಚರ್ಮದವರೆಗೆ ಬರುತ್ತದೆ. ಬಂದರೂ ಎಷ್ಟು? ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲಿನ ಹದಿನೈದು ಸಾವಿರದಲ್ಲಿ ಒಂದು ಪಾಲು, ಹೆಚ್ಚಾಗಿ ಅದಕ್ಕಿಂತಲೂ ಕಡಿಮೆ. ತಲೆಗೆ ಪೇಸ್ಟ್ ಹಚ್ಚಿ, ಬಿಲ್ಲೆಗಳನ್ನು ಅಂಟಿಸಿ, ಅದನ್ನು ಹಿಗ್ಗಿಸಿ ಗೆರೆಯಾಗಿ ಬರೆಯುತ್ತಾರೆ. ಮನುಷ್ಯನ ಮೆದುಳಿನಿಂದ ಹೀಗೆ ಮೊದಲು ಬರೆದುಕೊಂಡವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಐದು ವರ್ಷ ಬಿಟ್ಟು 1929ರಲ್ಲಿ ಪ್ರಕಟಿಸಿದರು.

ಎಚ್ಚರವಾಗಿ ಕೆಲಸ ಮಾಡುವವನ ಗೆರೆ ಸಣ್ಣದು, ವೇಗದ್ದು. ಕಣ್ಣು ಮುಚ್ಚಿ ಆರಾಮಾಗಿ ಕೂತರೆ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲದ ಅಲೆ ಏಳುತ್ತದೆ, ಅದು ಆಲ್ಫಾ. ತೂಕಡಿಕೆ ಹತ್ತಿದರೆ ಇನ್ನೂ ನಿಧಾನದ ಥೀಟಾ. ನಿದ್ದೆಗೆಟ್ಟ ಚಾಲಕನ ಕಣ್ಣು ತೆರೆದೇ ಇರುತ್ತದೆ, ಕೈ ಸ್ಟೇರಿಂಗ್ ಮೇಲೆಯೇ ಇರುತ್ತದೆ, ಆದರೂ ನಡುನಡುವೆ ಈ ಆಲ್ಫಾ, ಥೀಟಾ ನುಗ್ಗಿ ಬರುತ್ತವೆ. ಕೆಲವೇ ಸೆಕೆಂಡು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಅಂದರೆ 80 ಮೀಟರಿಗೂ ಹೆಚ್ಚು ದೂರ ಗಾಡಿ ಓಡಿಸುವವನೇ ಇಲ್ಲ. "ನನಗೇನೂ ಆಗಿಲ್ಲ ಮಾರಾಯ್ರೆ" ಅಂತ ಅವನು ಆಣೆ ಹಾಕಬಹುದು, ಅವನಿಗೆ ಗೊತ್ತೇ ಆಗಿರುವುದಿಲ್ಲ.

ಇನ್ನು ಊರಿನವರ ಹೆದರಿಕೆಯ ಮಾತು. ಮೂರ್ಛೆ ಬಂದವರಿಗೆ ಡಾಕ್ಟರ್ ಇ.ಇ.ಜಿ. ಬರೆದುಕೊಟ್ಟರೆ, "ತಲೆಗೆ ಕರೆಂಟ್ ಕೊಡುತ್ತಾರೆ" ಅಂತ ಹಿಂದೆ ಸರಿಯುವವರಿದ್ದಾರೆ. ಕರೆಂಟ್ ಕೊಡುವುದಿಲ್ಲ, ಒಳಗಿನದ್ದನ್ನು ಬರೆದುಕೊಳ್ಳುವುದು ಮಾತ್ರ. ನೋವಿಲ್ಲ. ತಲೆಗೆ ಎಣ್ಣೆ ಹಚ್ಚದೆ, ಕೂದಲು ತೊಳೆದು ಹೋಗಬೇಕು. ಹೆಂಗಸರು ತಲೆವಸ್ತ್ರ ತೆಗೆಯಬೇಕಾಗುತ್ತದೆ, ಮಹಿಳಾ ಸಿಬ್ಬಂದಿ ಬೇಕೆಂದು ಮೊದಲೇ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಒಂದು ಸಲ ಗೆರೆ ಸರಿಯಿದ್ದರೆ ಕಾಯಿಲೆಯೇ ಇಲ್ಲವೆಂದಲ್ಲ. ಮೂರ್ಛೆಯ ಗುರುತು ಪ್ರತಿ ಸಲವೂ ಸಿಗುವುದಿಲ್ಲ. ಆದ್ದರಿಂದ ಡಾಕ್ಟರರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ವೀಸಾದ ಮೆಡಿಕಲ್‌ಗೆ ಹೆದರಿ ಮುಚ್ಚಿಟ್ಟು, ಮರುಭೂಮಿಯ ರಸ್ತೆಗೆ ಇಳಿಯುವುದು ದೊಡ್ಡ ಅಪಾಯ.

ಲಾರಿ ಓಡಿಸುವವರು ದಿನಾ ತಲೆಗೆ ವಯರು ಕಟ್ಟಿಕೊಳ್ಳಲಾಗದು. ಅದಕ್ಕೆ ಸ್ವೀಡನ್ನಿನವರದ್ದೇ ಒಂದು ಸುಲಭದ ಅಳತೆ ಇದೆ, ಕರೋಲಿನ್‌ಸ್ಕಾ ನಿದ್ದೆ ಮಾಪಕ. ಪೂರ್ತಿ ಎಚ್ಚರ ಅಂದರೆ 1, ನಿದ್ದೆಯ ಜೊತೆ ಗುದ್ದಾಡುತ್ತಿದ್ದೇನೆ ಅಂದರೆ 9. 1990ರಲ್ಲಿ ಅದನ್ನು ಪ್ರಕಟಿಸಿದವರು ಇ.ಇ.ಜಿ.ಯ ಗೆರೆಯ ಜೊತೆ ಇಟ್ಟೇ ನೋಡಿದ್ದರು. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಸ್ವಲ್ಪ ಹೊತ್ತಿನ ಉಪಾಯ. ಒಂದು ಕಾಫಿ ಕುಡಿದು, ಗಾಡಿ ಬದಿಗೆ ಹಾಕಿ, ಕಾಲು ಗಂಟೆ ಮಲಗುವುದು ಅದಕ್ಕಿಂತ ಎಷ್ಟೋ ಮೇಲು. ರಾತ್ರಿ ಎರಡರಿಂದ ಆರರ ನಡುವಿನ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು, ಅದರಲ್ಲೂ ಸಹರಿಗೆ ಎದ್ದು ನೇರ ಡ್ಯೂಟಿಗೆ ಹೋಗುವ ದಿನಗಳಲ್ಲಿ.

ಮಗ ಎಚ್ಚರವಾಗಿರಲಿ ಅಂತ ಊರಿನಿಂದ ಫೋನ್ ಹಿಡಿದು ಮಾತಾಡಿಸುತ್ತಾ ಕೂರುವ ಉಮ್ಮಂದಿರಿದ್ದಾರೆ. ಇನ್ನು ಮೇಲೆ, ಎಷ್ಟು ನಂಬರ್ ಅಂತ ಕೇಳಿ. ಏಳು ಅಂದರೆ, ನಿಲ್ಲಿಸಿ ಮಲಗು ಮೋನೆ ಅಂತ ಹೇಳಿ ಫೋನ್ ಇಡಿ.